ಎಷ್ಟು ಕುರಿ ಎಂದು ಕೇಳಬಾರದ ಸೀಮೆಯಲ್ಲಿ

ಬೀದರಿನಲ್ಲಿ ಬಾಡಿಗೆ ಕೋಣೆ ಕೇಳಿಕೊಂಡು ಯಾರ ಮನೆಗೆ ಹೋದರೂ ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ನಿಮ್ಮ ಮನೇಲಿ ಫ್ರಿಜ್ ಇದೆಯಾ? ಐಸ್ ಖಾನೆ ನನಗೆ ಬಿಟ್ಟುಕೊಡ್ತೀರಾ?" ಒಬ್ಬ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುಲ್ಫಿ ಧಂದಾ ಏನ್ರಿ ನಿಮ್ದು?" ಅಂದರು. ಇನ್ನೊಬ್ಬರು "ನೋಡೋಣ್ರಿ, ಸಂಜಿಗಿ ಬರ್ರಿ" ಅಂದರು. ಸಂಜೆ ಹೋದರೆ ಬಾಗಿಲಿಗೆ ಬೀಗ. ಮೂರು ಸಂಜೆ ಆ ಬೀಗ ನೋಡಿದ ಮೇಲೆ ತಿಳಿಯಿತು, ಈ ಊರಲ್ಲಿ ‘ನೋಡೋಣ್ರಿ’ ಅಂದರೆ ಆಗುವುದಿಲ್ಲ ಎಂದೇ ಅರ್ಥ. ಮುಖದ ಮೇಲೆ ಇಲ್ಲ ಅನ್ನಲು ಇವರಿಗೆ ಸಂಕೋಚ. ನಮ್ಮ ಮಂಡ್ಯದ ಕಡೆ ‘ಇಲ್ಲ ಕಣಮ್ಮ, ಹೋಗು’ ಅಂದು ಮುಗಿಸುತ್ತಾರೆ. ಅದೇ ವಾಸಿ ಅನ್ನಿಸಿತು.

ನಾನು ಪಶುವೈದ್ಯೆ. ಕುರಿ ಮೇಕೆಗಳಿಗೆ ಬರುವ ಪಿಪಿಆರ್ ಎಂಬ ಜ್ವರಕ್ಕೆ ಲಸಿಕೆ ಹಾಕುವ ಒಂದು ಯೋಜನೆಯಲ್ಲಿ ಗುತ್ತಿಗೆಯ ಮೇಲೆ ಇಲ್ಲಿಗೆ ಬಂದಿದ್ದೆ. ಆ ಜ್ವರ ಹೊಕ್ಕರೆ ಮಂದೆಯ ಕಣ್ಣು ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ, ಒಂದು ವಾರದಲ್ಲಿ ಅರ್ಧ ಮಂದೆ ಮಲಗುತ್ತದೆ. ಕಚೇರಿ ಬೀದರ ನಗರದಲ್ಲಿ, ಕೆಲಸ ಭಾಲ್ಕಿ ಮತ್ತು ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಇಳಿದುಕೊಂಡು ಮೊದಲ ದಿನವೇ ಉತ್ಸಾಹದಿಂದ ಹೊರಟೆ. ಕಚೇರಿ ತೆಗೆಯುವ ತನಕ ಕಾದು, ಲಸಿಕೆ ಪಡೆದು, ಐಸ್ ಪೆಟ್ಟಿಗೆ ತುಂಬಿ, ಹಲಬರ್ಗಾದ ಹತ್ತಿರದ ಹೊಲಗಳಿಗೆ ತಲುಪುವಷ್ಟರಲ್ಲಿ ಹನ್ನೊಂದೂವರೆ. ಹೊಲದಲ್ಲಿ ಹಿಕ್ಕೆ ಬಿದ್ದಿತ್ತು, ಕುರಿ ಒಂದೂ ಇರಲಿಲ್ಲ.

"ಕುರಿ ಹತ್ ಗಂಟಿ ತನ ನಿಮ್ ಹಾದಿ ಕಾಯ್ತಾವೇನ್ ಮೇಡಂ?" ಅಂದ ನಮ್ಮ ಸಹಾಯಕ. ಐವತ್ತು ದಾಟಿದ ಭಾಲ್ಕಿಯ ಮನುಷ್ಯ. ಜೀಪು ಓಡಿಸುವವನೂ ಅವನೇ, ಕುರಿ ಹಿಡಿಯುವವನೂ ಅವನೇ. "ಮುಂಜಾನಿ ಬಲಿ ಬಿಚ್ಚಿದ್ರಂದ್ರ ಮುಗೀತ್ರಿ. ಆಮ್ಯಾಲ ಯಾ ಹಳ್ಳದಾಗ ಹುಡುಕ್ತೀರಿ?" ಬಲಿ ಅಂದರೆ ರಾತ್ರಿ ಮಂದೆಯ ಸುತ್ತ ಕಟ್ಟುವ ಬಲೆ.

"ಇದನ್ನ ಬೆಳಿಗ್ಗೆ ಹೊರಡೋವಾಗ ಹೇಳೋಕೆ ಏನಾಗಿತ್ತು ನಿಮಗೆ?"

"ನೀವು ಕೇಳೇ ಇಲ್ರಿ."

ಹಲ್ಲು ಕಚ್ಚಿಕೊಂಡು ಜೀಪು ಹತ್ತಿದೆ. ಸೂರ್ಯ ಮೂಡುವ ಹೊತ್ತಿಗೆ ಹೊಲದಲ್ಲಿರಬೇಕು ಅಂದರೆ ಹಿಂದಿನ ಸಂಜೆಯೇ ಲಸಿಕೆ ತಂದು ಮನೆಯಲ್ಲಿ ತಂಪಾಗಿ ಇಟ್ಟುಕೊಳ್ಳಬೇಕು. ಹೀಗೆ ಶುರುವಾಯಿತು ನನ್ನ ಫ್ರಿಜ್ ಹುಡುಕಾಟ. ಆ ಒಂದು ವಾರ ಬೀದರ ನನ್ನನ್ನು ಅರೆದು ಹಾಕಿತು. ದಾರಿ ಕೇಳಿದರೆ ರಸ್ತೆಯ ಹೆಸರು ಯಾರೂ ಹೇಳುವುದಿಲ್ಲ. "ದರ್ವಾಜಾ ದಾಟ್ರಿ, ಕಮಾನ್ ಬರ್ತದ, ಅಲ್ಲಿ ಯಾರಿಗಾರ ಕೇಳ್ರಿ." ಆ ‘ಯಾರಾದರೂ’ ಇನ್ನೊಂದು ಕಮಾನು ತೋರಿಸುತ್ತಾರೆ. ಸೀಟು ತುಂಬುವ ತನಕ ಆಟೋ ಅಲ್ಲಾಡುವುದಿಲ್ಲ. ತುಂಬಿದ ಮೇಲೂ ಡ್ರೈವರ್ ಚಹಾ ಕುಡಿಯಲು ಇಳಿಯುತ್ತಾನೆ. ಕಿರಾಣಿ ಅಂಗಡಿಯವನು ಒಂದೇ ವಾಕ್ಯವನ್ನು ಕನ್ನಡದಲ್ಲಿ ಹಿಡಿದು, ಉರ್ದುವಿನಲ್ಲಿ ತಿರುಗಿಸಿ, ಮರಾಠಿಯಲ್ಲಿ ಬಿಡುತ್ತಾನೆ. ಬೆಳಗಾದರೆ ತಲೆಯ ಮೇಲೆ ತರಬೇತಿ ವಿಮಾನಗಳು ಗುಂಯ್‌ಗುಟ್ಟಿಕೊಂಡು ಸುತ್ತುತ್ತವೆ. ನಾನೊಬ್ಬಳೇ ಕತ್ತೆತ್ತಿ ನೋಡುತ್ತಿದ್ದೆ.

ಕೊನೆಗೆ ಐಸ್ ಖಾನೆ ಕೊಟ್ಟವರು ನಿವೃತ್ತ ನರ್ಸ್ ಒಬ್ಬರು. ಮೆಥೋಡಿಸ್ಟ್ ಚರ್ಚಿನ ಹಿಂದಿನ ಓಣಿಯಲ್ಲಿ ಒಬ್ಬರೇ ಇದ್ದರು. ಓಣಿಯವರೆಲ್ಲ ಅವರನ್ನು ಸಿಸ್ಟರಬಾಯಿ ಅಂತಿದ್ದರು, ನಾನೂ ಹಾಗೇ ಅಂದೆ. ನನ್ನ ಪ್ರಶ್ನೆಗೆ ಅವರು ನಗಲಿಲ್ಲ.

"ಯಾ ಲಸಿಕಿ? ಎರಡರಿಂದ ಎಂಟು ಡಿಗ್ರಿ ಏನು?"

"ಹೌದು."

"ಕರೆಂಟ್ ಹೋದ್ರ ಬಾಗ್ಲಾ ತೆಗೀಬ್ಯಾಡ. ಐತವಾರ ನಾ ಮಟನ್ ತರ್ತೀನಿ, ಅದು ಕೆಳಗ ಇಡ್ತೀನಿ. ನಿನ್ ಐಸ್ ಮ್ಯಾಲ. ನಲ್ವತ್ ವರ್ಷ ಕೂಸುಗೋಳ ಲಸಿಕಿ ಡಬ್ಬಿ ಹೊತ್ತಾಕಿ ನಾನು, ನನಗ ಹೇಳಿಕೊಡಬ್ಯಾಡ."

ಹೇಳಿಕೊಡಲು ನಾನು ಬಾಯಿ ಕೂಡ ತೆರೆದಿರಲಿಲ್ಲ! ಆದರೂ ಈ ಊರಿಗೆ ಬಂದ ಮೇಲೆ ನನ್ನ ಮಾತು ಸಲೀಸಾಗಿ ಅರ್ಥವಾದ ಮೊದಲ ಮನುಷ್ಯರು ಅವರೇ. ಅಂದೇ ಲಾಡ್ಜ್ ಖಾಲಿ ಮಾಡಿದೆ.

ಹೊತ್ತಿನ ತೊಂದರೆ ಹೀಗೆ ತೀರಿತು. ಬೆನ್ನಿಗೇ ಲೆಕ್ಕದ ತೊಂದರೆ ಎದ್ದಿತು. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ಒಂದು ಬಾಟಲಿ ಅಂದರೆ ನೂರು ಕುರಿಗೆ. ದ್ರಾವಣ ಬೆರೆಸಿದ ಮೇಲೆ ಐಸಿನ ಮೇಲಿಟ್ಟರೂ ಎರಡು ತಾಸಿನೊಳಗೆ ಹಾಕಿ ಮುಗಿಸಬೇಕು. ಉಳಿದರೆ ಚೆಲ್ಲಬೇಕು. ಆದ್ದರಿಂದ ಮಂದೆಯಲ್ಲಿ ಎಷ್ಟು ಕುರಿ ಇವೆ ಎಂದು ಮೊದಲೇ ತಿಳಿಯಬೇಕು. ಸಾಲದ್ದಕ್ಕೆ ನಮ್ಮ ಫೋನಿನಲ್ಲಿ ಒಂದು ಆ್ಯಪ್. ಅದರ ಮೊದಲ ಪುಟದಲ್ಲೇ ‘ಮಂದೆಯ ಒಟ್ಟು ಸಂಖ್ಯೆ’ ಎಂಬ ಖಾನೆ. ಅದನ್ನು ತುಂಬದೆ ಮುಂದಕ್ಕೆ ಬಿಡುವುದಿಲ್ಲ.

ಹಲಬರ್ಗಾದಲ್ಲಿ ಎರಡನೆಯ ಸಲ ಬೆಳಿಗ್ಗೆ ಆರಕ್ಕೇ ಹೋದೆವು. ಕುರಿಗಳು ಬಲೆಯೊಳಗೇ ಇದ್ದವು. ಕುರಿಗಾರನನ್ನು ಕೇಳಿದೆ, "ಎಷ್ಟಿವೆ?"

"ಅದಾವ್ರಿ."

"ಅದೇ, ಎಷ್ಟು?"

"ನೋಡ್ಲಾಕತ್ತೀರಲ್ರಿ, ಇಷ್ಟ್ ಅದಾವ."

ಹಳ್ಳಿಯ ಪಟ್ಟಿಯಲ್ಲಿ ಮುನ್ನೂರು ಎಂದು ಬರೆದಿತ್ತು. ಅದನ್ನೇ ನಂಬಿ, ಬೇಗ ಮುಗಿಯಲಿ ಎಂದು ಮೂರು ಬಾಟಲಿ ಒಟ್ಟಿಗೇ ಬೆರೆಸಿದೆ. ಒಂದೂವರೆ ಬಾಟಲಿಗೇ ಮಂದೆ ಮುಗಿಯಿತು. ಪಕ್ಕದ ಮಂದೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಅದೂ ಮೇಯಲು ಹೋಗಿತ್ತು. ಉಳಿದದ್ದನ್ನು ಕುದಿಸಿ ಹೂಳಿದೆವು. ಮಾರನೆಯ ದಿನ ಇನ್ನೊಂದು ಕಡೆ ಇದಕ್ಕೆ ಉಲ್ಟಾ. ಒಂದೇ ಬಾಟಲಿ ಹಿಡಿದು ಹೋಗಿದ್ದೆ, ಮಂದೆ ಅದರ ಮೂರು ಪಟ್ಟು. ಸಂಜೆ ಯೋಜನೆಯ ಮೇಲ್ವಿಚಾರಕರು ಫೋನ್ ಮಾಡಿದರು. "ಎಷ್ಟು ಚೆಲ್ಲಿದ್ದೀರಿ ನೋಡಿದ್ದೀರಾ ಮೇಡಂ? ಕುರಿ ಎಷ್ಟಿವೆ ಅಂತ ಕೇಳಿಕೊಂಡು ಬಾಟಲಿ ಒಡೆಯೋಕೆ ಆಗಲ್ವಾ? ಸಂಖ್ಯೆ ಇಲ್ಲದೆ ಇನ್ನು ಸೂಜಿ ಎತ್ತಬೇಡಿ." ಕೇಳಿದರೆ ಹೇಳುವವರು ಯಾರಿದ್ದಾರೆ ಸ್ವಾಮಿ ಎಂದು ಕಿರುಚಬೇಕು ಅನ್ನಿಸಿತು. "ಆಯ್ತು ಸರ್" ಅಂದೆ.

ಆ ಸಿಟ್ಟನ್ನು ಹೊತ್ತುಕೊಂಡೇ ಮಾರನೆಯ ಬೆಳಿಗ್ಗೆ ಔರಾದ ಕಡೆ ಹೋದದ್ದು. ಮಹಾರಾಷ್ಟ್ರದ ಗಡಿ ಅಲ್ಲಿಂದ ದೂರವಿಲ್ಲ. ಗಡಿಯಾಚೆ ಕುರಿ ಕೆಮ್ಮುತ್ತಿವೆ, ಮೂಗು ಸೋರುತ್ತಿವೆ ಎಂಬ ಸುದ್ದಿ ಆಗಲೇ ಬಂದಿತ್ತು. ತೊಗರಿ ಕೊಯ್ದ ಒಂದು ಹೊಲದಲ್ಲಿ ದೊಡ್ಡ ಮಂದೆ ತರುಬಿತ್ತು. ಇಲ್ಲಿ ಕುರಿ ತರುಬುವುದು ಅಂದರೆ, ಗೊಬ್ಬರಕ್ಕಾಗಿ ರಾತ್ರಿಯಿಡೀ ಮಂದೆಯನ್ನು ಯಾರದಾದರೂ ಹೊಲದಲ್ಲಿ ಬಲೆ ಕಟ್ಟಿ ಕೂಡಿಹಾಕುವುದು. ಮಂದೆಯ ಯಜಮಾನ ಒಬ್ಬ ಮುದುಕ. ಕೆಂಪು ರುಮಾಲು, ಹೆಗಲ ಮೇಲೆ ಕಂಬಳಿ. ಜೊತೆಗೆ ಅವನ ಹೆಂಡತಿ ಮತ್ತು ಮಗ. ನಾವು ಬರುತ್ತೇವೆಂದು ತಿಳಿದು, ಬಲೆ ಬಿಚ್ಚದೆ ಕಾಯುತ್ತಿದ್ದರು.

"ಎಷ್ಟಿವೆ ಹೇಳಪ್ಪ," ಅಂದೆ. ನಮ್ಮ ಸಹಾಯಕ ಮೆಲ್ಲಗೆ, "ಮೇಡಂ, ಹೇಳ್ರಿ ಅನ್ರಿ, ಹಿರ್ಯಾರ್ ಅದಾರ," ಎಂದು ಗೊಣಗಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

"ದೇವ್ರು ಕೊಟ್ಟಷ್ಟು ಅದಾವ್ರಿ ಬಾಯಿ," ಅಂದ ಮುದುಕ.

"ದೇವರು ಎಷ್ಟು ಕೊಟ್ಟಿದ್ದಾನೆ ಅಂತಲೇ ನಾನು ಕೇಳ್ತಿರೋದು."

"ಅದ್ ಹೇಳಬಾರ್ದ್ರಿ. ಎಣಸಿದ್ರ ಕಮ್ಮಿ ಆಗ್ತಾವ."

"ಎಣಿಸಿದರೆ ಕುರಿ ಹೇಗೆ ಕಮ್ಮಿ ಆಗುತ್ತೆ? ಒಳ್ಳೆ ಕಥೆ!" ಅಂದೆ. "ಬಲೆಯ ಬಾಯಿ ಒಂದು ಕಡೆ ತೆಗೀರಿ. ಒಂದೊಂದಾಗಿ ಹೊರಗೆ ಬಿಡಿ. ನಾನೇ ಎಣಿಸ್ತೀನಿ."

ಯಾರೂ ಅಲ್ಲಾಡಲಿಲ್ಲ. ನಾನೇ ಹೋಗಿ ಬಲೆಯ ಗೂಟ ಕಿತ್ತೆ. ಕುರಿಗಳು ಒಂದರ ಹಿಂದೊಂದು ಹೊರಟವು. ಕೈಯಲ್ಲಿದ್ದ ಪೆನ್ನನ್ನು ಒಂದೊಂದಕ್ಕೂ ಚಾಚಿ, ಗಟ್ಟಿ ಧ್ವನಿಯಲ್ಲಿ ಒಂದು, ಎರಡು, ಮೂರು ಎಂದು ಶುರು ಮಾಡಿದೆ. ಹನ್ನೊಂದು ಅನ್ನುವಷ್ಟರಲ್ಲಿ ಮುದುಕಿ ಬಂದು ಬಲೆಯ ಬಾಯಿಗೆ ಅಡ್ಡ ನಿಂತಳು. ನನ್ನ ಪೆನ್ನು ಹಿಡಿದ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಸಾಕ್ ಮಾಡ್ರಿ ಯವ್ವಾ. ನಿಮ್ಗ್ ಕೈ ಮುಗೀತೀನಿ."

ಮುದುಕ ಮಾತ್ರ ಸಿಟ್ಟಾಗಲಿಲ್ಲ. "ಸೂಜಿ ಹಾಕ್ರಿ ಬಾಯಿ. ಸೂಜಿ ನಾ ಯಾವಾಗ ಬ್ಯಾಡಂದೀನ್ರಿ? ಅದಕ್ಕೇ ಬಲಿ ಬಿಚ್ಚದ ಕುಂತೀವಿ. ಎಣಸೋದೊಂದ್ ಬ್ಯಾಡ್ರಿ."

"ಸಂಖ್ಯೆ ಇಲ್ಲದೆ ಸೂಜಿ ಇಲ್ಲ," ಅಂದೆ. ಅದು ಮೇಲ್ವಿಚಾರಕರ ಮಾತು. ನನ್ನ ಬಾಯಲ್ಲಿ ನನ್ನದೇ ಮಾತಿನಂತೆ ಬಂತು.

"ಮೇಡಂ, ಇಷ್ಟ್ ದೂರ ಬಂದೀವಿ, ಹಾಕೇ ಹೋಗೋಣ್ರಿ," ಅಂದ ಸಹಾಯಕ. ನಾನು ಪೆಟ್ಟಿಗೆ ಮುಚ್ಚಿ ಜೀಪಿನಲ್ಲಿಟ್ಟೆ. ಆ್ಯಪಿನಲ್ಲಿ ಒಂದು ದಾರಿ ಇತ್ತು. ‘ಮಾಲೀಕರಿಂದ ನಿರಾಕರಣೆ’ ಎಂದು ಒತ್ತಿದರೆ ಸಂಖ್ಯೆ ಕೇಳುವುದಿಲ್ಲ, ಆ ಮಂದೆ ಪಟ್ಟಿಯ ಕೊನೆಗೆ ಹೋಗುತ್ತದೆ. ಒತ್ತಿದೆ. ಮುದುಕ ನಿರಾಕರಿಸಿದ್ದು ಎಣಿಕೆಯನ್ನು, ಲಸಿಕೆಯನ್ನಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ.

ಸಂಜೆ ಸಿಸ್ಟರಬಾಯಿಯ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಈ ಸೀಮೆಯೇ ಹೀಗೆ, ದಾರಿ ಕೇಳಿದರೆ ಕಮಾನು ತೋರಿಸುತ್ತಾರೆ, ಕುರಿ ಕೇಳಿದರೆ ದೇವರನ್ನು ತೋರಿಸುತ್ತಾರೆ ಅಂದೆ. ಅವರು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡರು.

"ನನಗೇನ್ ಹೇಳ್ತಿದ್ರಂತ ತಿಳ್ಕೊಂಡಿ? ಮನಿ ಮುಂದ ನಿಂತು ಕೂಸು ಎಷ್ಟ್ ಅದಾವ ಅಂದ್ರ ಅತ್ತಿ ಬಾಗ್ಲಾ ಹಾಕ್ತಿದ್ಳು. ದೃಷ್ಟಿ ತಾಕ್ತದಂತ."

"ಮತ್ತೆ ಏನು ಮಾಡ್ತಿದ್ರಿ?"

"ಕೇಳೋದು ಬಿಟ್ಟೆ. ಹಗ್ಗದ ಮ್ಯಾಲ ಒಣಗ್ಲಾಕ ಹಾಕಿದ ಸಣ್ಣ ಅಂಗಿ, ಕುಲಾಯಿ ನೋಡ್ತಿದ್ದೆ. ಸಾಕಲ್ಲ? ನನಗ ಕೂಸಿನ ತೊಡಿ ಬೇಕಿತ್ತು, ಬಾಯಿ ಲೆಕ್ಕ ಬೇಕಿದ್ದಿಲ್ಲ." ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಕಡೆ ತಿರುಗಿದರು. "ಆ ಮುದುಕ್ಯಾನ ಕುರಿಗಿ ನೀ ಹಾಕೇ ಬರಬೇಕಿತ್ತು ತಂಗಿ. ತಪ್ ಮಾಡ್ದಿ."

ಕುರಿಗೆ ಎಲ್ಲಿಯ ಅಂಗಿ, ಎಲ್ಲಿಯ ಕುಲಾಯಿ ಎಂದು ಮುಖ ತಿರುಗಿಸಿಕೊಂಡು ಹೋಗಿ ಮಲಗಿದೆ. ಆದರೆ ಎರಡು ದಿನದ ಮೇಲೆ ಭಾಲ್ಕಿ ಕಡೆಯ ಒಂದು ಹೊಲದಲ್ಲಿ, ಸಂಜೆಯ ಹೊತ್ತು, ಕುರಿಗಾರರು ಮಂದೆ ತರುಬುವುದನ್ನು ನೋಡುತ್ತ ನಿಂತಿದ್ದಾಗ ನನಗೆ ಹೊಳೆಯಿತು. ಅವರು ಬಲೆಯ ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿ ಗೂಟಕ್ಕೆ ಕಟ್ಟುತ್ತಿದ್ದರು. ಸುರುಳಿಗಳ ಉದ್ದ ಹೆಚ್ಚುಕಮ್ಮಿ ಒಂದೇ. ಕುರಿ ತೀರಾ ಒತ್ತೊತ್ತಾದರೆ ಮರಿ ತುಳಿತಕ್ಕೆ ಸಿಗುತ್ತದೆ, ತೀರಾ ಸಡಿಲವಾದರೆ ಗೊಬ್ಬರ ಸರಿಯಾಗಿ ಬೀಳುವುದಿಲ್ಲ. ಅಂದಮೇಲೆ ಬಲೆಗೂ ಮಂದೆಗೂ ಒಂದು ಲೆಕ್ಕ ಇದ್ದೇ ಇರಬೇಕು.

"ಎಷ್ಟು ಬಲೆ ಹಾಕ್ತೀರಿ?" ಎಂದು ಕೇಳಿದೆ, ಈ ಸಲ ಬಹುವಚನದಲ್ಲಿ.

"ಆರ್ ಹಾಕ್ತೀವ್ರಿ," ಅಂದ ಆ ಮನುಷ್ಯ ಥಟ್ಟನೆ. "ಹ್ವಾದ ವರ್ಷ ಐದ್ ಇದ್ವು, ಈ ಸಲ ಒಂದ್ ಹೊಸಾದ್ ತಂದೀನಿ." ಹೇಳುವಾಗ ಮುಖ ಅರಳಿತ್ತು. ಮಂದೆ ಬೆಳೆದಿದೆ ಎಂದು ಹೇಳಿಕೊಳ್ಳಲು ಅವನಿಗೂ ಆಸೆಯೇ. ನಾನು ಕೇಳುವ ರೀತಿ ಸರಿಯಿರಲಿಲ್ಲ, ಅಷ್ಟೇ.

ಮಾರನೆಯ ಬೆಳಿಗ್ಗೆ ಆ ಮಂದೆಗೆ ಲಸಿಕೆ ಹಾಕಿದೆವು. ಬಾಟಲಿಗಳನ್ನು ಒಂದಾದ ಮೇಲೆ ಒಂದು ಮಾತ್ರ ಬೆರೆಸಿದೆ. ಕತ್ತಿನ ಚರ್ಮ ಎತ್ತಿ ಒಂದೊಂದು ಎಂ.ಎಲ್. ಹಾಕಿಸಿಕೊಂಡ ಕುರಿಯ ನೆತ್ತಿಗೆ ನೀಲಿ ಬಣ್ಣ. ಬಾಟಲಿ ಖಾಲಿಯಾಯಿತೆಂದರೆ ನೂರು ಆಯಿತು ಎಂದೇ ಲೆಕ್ಕ. ಕುರಿಯ ಕಡೆ ಬೆರಳು ತೋರುವ ಅಗತ್ಯವೇ ಬೀಳಲಿಲ್ಲ. ಆರು ಬಲೆಯ ಮಂದೆಗೆ ಎರಡು ಬಾಟಲಿ ಮುಗಿದು ಮೂರನೆಯದರಲ್ಲಿ ಸ್ವಲ್ಪ ಹೋಯಿತು. ಉಳಿದದ್ದನ್ನು ಕೂಗಳತೆಯಲ್ಲಿದ್ದ ಇನ್ನೊಂದು ಮಂದೆಗೆ ಎರಡು ತಾಸಿನೊಳಗೆ ಮುಟ್ಟಿಸಿದೆವು. ಆಮೇಲೆ ಆ್ಯಪಿನ ಎರಡೂ ಖಾನೆಯಲ್ಲಿ, ಮಂದೆ ಎಷ್ಟು, ಲಸಿಕೆ ಎಷ್ಟು ಎಂಬಲ್ಲಿ, ಸಿರಿಂಜಿನ ಲೆಕ್ಕವನ್ನೇ ಬರೆದೆ. ಮೇಲ್ವಿಚಾರಕರು ಫೋನ್ ಮಾಡಿ, "ನೋಡಿ, ಕೇಳಿದರೆ ಹೇಳ್ತಾರೆ ಅಂದೆನಲ್ಲ" ಅಂದರು. ನನಗೆ ಮೈಯೆಲ್ಲ ಉರಿಯಿತು.

ಮೂರು ವಾರ ಭಾಲ್ಕಿ ತಾಲ್ಲೂಕಿನಲ್ಲಿ ಇದೇ ಲೆಕ್ಕದಲ್ಲಿ ಕೆಲಸ ಸಾಗಿತು. ನಾಲ್ಕು ಬಲೆ, ಏಳು ಬಲೆ, ಮೂರು ಬಲೆ. ಹಿಂದಿನ ಸಂಜೆಯೇ ಸಹಾಯಕ ಫೋನಿನಲ್ಲಿ ಬಲೆ ಕೇಳಿಕೊಳ್ಳುತ್ತಿದ್ದ. ಬೆಳಗಿನ ಜಾವ ಸಿಸ್ಟರಬಾಯಿ ತಾವೇ ಎದ್ದು ಐಸ್ ತುಂಬುತ್ತಿದ್ದರು. ಬೀದರವೂ ಸ್ವಲ್ಪ ಹಿಡಿತಕ್ಕೆ ಬಂದಂತಿತ್ತು. ಯಾವ ಕಮಾನಿನ ಹತ್ತಿರ ನಿಂತರೆ ಬೇಗ ತುಂಬುವ ಆಟೋ ಸಿಗುತ್ತದೆ ಎಂದು ತಿಳಿದಿತ್ತು. ಒಂದು ದಿನ ತರಕಾರಿಯವಳಿಗೆ ನಾನೇ "ನೋಡೋಣ್ರಿ" ಅಂದುಬಿಟ್ಟೆ.

ಔರಾದಿನ ಮುದುಕನ ನೆನಪು ಮಾತ್ರ ಚುಚ್ಚುತ್ತಲೇ ಇತ್ತು. ಸಹಾಯಕ ಎರಡು ಸಲ ಹೇಳಿದ. "ಮೇಡಂ, ಆ ಅಜ್ಜಂದೊಂದ್ ಮುಗಿಸಿ ಬರೋಣ್ರಿ. ಒಂದ್ ಮುಂಜಾನಿ ಕೆಲಸ." ಆ್ಯಪಿನಲ್ಲಿ ಅವನ ಸರದಿ ಕೊನೆಗಿದೆ, ಪಟ್ಟಿ ಬಿಟ್ಟು ಹೋಗುವಂತಿಲ್ಲ ಎಂದು ಎರಡು ಸಲವೂ ನೆಪ ಹೇಳಿದೆ. ನಿಜ ಹೇಳಬೇಕೆಂದರೆ ನನಗೆ ಆ ಮುದುಕಿಯ ಮುಖ ನೋಡಲು ನಾಚಿಕೆ. ಗೂಟ ಕಿತ್ತವಳು ನಾನು. ಈಗ ಹೋಗಿ ‘ಎಷ್ಟು ಬಲೆ ಹಾಕ್ತೀರಿ’ ಎಂದು ಯಾವ ಬಾಯಲ್ಲಿ ಕೇಳಲಿ? ನಾಳೆ, ನಾಡಿದ್ದು ಎಂದು ತಳ್ಳುತ್ತ ಬಂದೆ. ಅವನ ಹೊಲದಿಂದ ಮರಳಿದ ಇಪ್ಪತ್ತೆಂಟನೆಯ ದಿನ ಔರಾದ ಕಡೆಯಿಂದಲೇ ಫೋನ್ ಬಂತು. ಮುದುಕನ ಮಗ. "ಬ್ಯಾನಿ ಹೊಕ್ಕದ್ರಿ ಮೇಡಂ. ಬರ್ತೀರೇನ್ರಿ?"

ಲಸಿಕೆ ಹಾಕಿದ ಕುರಿಯ ಮೈಯಲ್ಲಿ ತಡೆಯುವ ಶಕ್ತಿ ಬರಲು ಎರಡು ವಾರ ಸಾಕು. ಅಂದು ಹಾಕಿ ಬಂದಿದ್ದರೆ ರೋಗ ಬರುವ ಹೊತ್ತಿಗೆ ಆ ಮಂದೆ ಗಟ್ಟಿಯಾಗಿರುತ್ತಿತ್ತು. ಜೀಪಿನಲ್ಲಿ ದಾರಿಯುದ್ದಕ್ಕೂ ಇದೊಂದೇ ಲೆಕ್ಕ ನನ್ನ ತಲೆಯಲ್ಲಿ. ಸಹಾಯಕ ಗುಂಡಿ ಬಂದರೂ ಬ್ರೇಕ್ ಹಾಕದೆ ಜೀಪು ಓಡಿಸಿದ. ಬೈದಿದ್ದರೆ ಹಗುರಾಗುತ್ತಿತ್ತು.

ಅದೇ ಹೊಲದ ಆಚೆ, ಹಳ್ಳದ ದಂಡೆಯಲ್ಲಿದ್ದರು. ಎರಡು ಬಲೆಗಳನ್ನು ಬಿಚ್ಚದೆ ಸುರುಳಿಯಾಗಿಯೇ ಪಕ್ಕಕ್ಕೆ ಇಟ್ಟಿದ್ದರು. ಕಟ್ಟಿದ ಬಲೆಯೊಳಗೂ ಜಾಗ ಖಾಲಿ ಖಾಲಿ. ಕುರಿಗಳು ತಲೆ ಇಳಿಬಿಟ್ಟು ನಿಂತಿದ್ದವು. ಮೂಗಿನ ಹೊಳ್ಳೆಗಳು ಹಳದಿ ಸಿಂಬಳ ಒಣಗಿ ಮುಚ್ಚಿಹೋಗಿದ್ದವು. ಒಂದರ ಬಾಯಿ ತೆರೆದು ನೋಡಿದೆ. ಒಸಡೆಲ್ಲ ಹುಣ್ಣು, ಹೊಟ್ಟು ಮೆತ್ತಿದಂತೆ ಬಿಳಿ. ಜ್ವರ ನೋಡಿದೆ, ನೂರಾ ಐದು. ಅನುಮಾನಕ್ಕೆ ಜಾಗವೇ ಇರಲಿಲ್ಲ, ಆದರೂ ಪರೀಕ್ಷೆಗೆ ಮೂಗಿನ ದ್ರವ ತೆಗೆದು ಐಸಿನಲ್ಲಿಟ್ಟೆ.

ಮುದುಕಿ ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಮುದುಕ ಎದ್ದು ಬಂದ.

"ಬಂದ್ರಿ, ಚಲೋ ಆಯ್ತು. ಅವತ್ತಿನ ಸೂಜಿ ಈಗ ಹಾಕ್ರಿ ಬಾಯಿ. ನೀವ್ ಎಣಸ್ತೀನಂದ್ರೂ ಎಣಸ್ರಿ. ನಾ ಬ್ಯಾಡನ್ನಂಗಿಲ್ಲ."

ಅಂದು ನಾನು ಅವನ ಬಾಯಿಂದ ಕೇಳಬಯಸಿದ್ದು ಇದೇ ಮಾತನ್ನು. ಕೇಳಿದಾಗ ನೆಲ ಬಿರಿಯಬಾರದೇ ಅನ್ನಿಸಿತು.

"ಈಗ ಅದು ಕೆಲಸ ಮಾಡಲ್ಲ ಅಜ್ಜಾರೇ. ರೋಗ ಮೈಗೆ ಹತ್ತಿದ ಮೇಲೆ ಆ ಸೂಜಿಯಿಂದ ಉಪಯೋಗ ಇಲ್ಲ. ಅವತ್ತೇ ಹಾಕಬೇಕಿತ್ತು. ತಪ್ಪು ನಂದು."

ಅವನು ಬಲೆಯ ಕಡೆ ತಿರುಗಿದ. "ಮತ್ತ ಈಗೇನ್ ಮಾಡೋದ್ರಿ?" ಎಂದಷ್ಟೇ ಕೇಳಿದ.

ಮಾಡುವುದು ಬೇಕಾದಷ್ಟಿತ್ತು. ಕಾಯಿಲೆ ಬಿದ್ದವುಗಳನ್ನು ಬೇರೆ ಬಲೆಗೆ ಸರಿಸಿದೆವು. ಪರ್‌ಮಾಂಗನೇಟ್ ನೀರಿನಿಂದ ಬಾಯಿ ತೊಳೆದು ಗ್ಲಿಸರಿನ್ ಹಚ್ಚಿದೆ. ಶ್ವಾಸಕೋಶಕ್ಕೆ ಸೋಂಕು ಏರದಂತೆ ಇಂಜೆಕ್ಷನ್ ಕೊಟ್ಟೆ. ಭೇದಿ ಹತ್ತಿದವಕ್ಕೆ ಉಪ್ಪು ಬೆಲ್ಲದ ನೀರು ಕುಡಿಸುವುದನ್ನು ಮುದುಕಿಗೆ ತೋರಿಸಿದೆ. ಅವಳು ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಿಂದ ಹನಿಸತೊಡಗಿದಳು. ಸುತ್ತಲ ಹಳ್ಳಿಗಳ ಮಂದೆಗಳಿಗೆ ಅಂದೇ ಲಸಿಕೆ ಹಾಕಬೇಕೆಂದು ಕಚೇರಿಗೆ ಫೋನ್ ಮಾಡಿದೆ. ಪಟ್ಟಿ, ಸರದಿ ಎಂದು ಮೇಲ್ವಿಚಾರಕರು ಶುರು ಮಾಡಿದರು. "ಪಟ್ಟಿ ಆಮೇಲೆ ಸರ್, ಬಾಟಲಿ ಕಳಿಸಿ," ಅಂದು ಫೋನ್ ಇಟ್ಟೆ. ಇಪ್ಪತ್ತೆಂಟು ದಿನ ಮೊದಲು ಈ ಧೈರ್ಯ ಎಲ್ಲಿ ಹೋಗಿತ್ತೋ.

ಮಧ್ಯಾಹ್ನದ ಹೊತ್ತಿಗೆ ಕೈ ತೊಳೆದು ಹೊಲದ ಬದುವಿನ ಮೇಲೆ ಕೂತೆ. ರೋಗದ ವರದಿ ಕಳಿಸಬೇಕಿತ್ತು. ಅದರಲ್ಲೊಂದು ಖಾನೆ, ಸತ್ತ ಕುರಿಗಳೆಷ್ಟು. ಕೇಳದೆ ಫೋನನ್ನು ಚೀಲಕ್ಕೆ ಹಾಕಿಕೊಂಡೆ. ಮುದುಕ ಬಂದು ಸ್ವಲ್ಪ ದೂರದಲ್ಲಿ ಕೂತ.

"ಬರ್ಕೊಳ್ಳೋದು ಇರಬೇಕಲ್ರಿ ನಿಮ್ದು? ಬರ್ಕೋರಿ," ಅಂದ. "ದೊಡ್ಡವು ಮೂವತ್ತೊಂದು. ಮರಿ ನಲ್ವತ್ನಾಕು. ಇವತ್ ಮುಂಜಾನಿ ಎರಡು ಹ್ವಾದ್ವು, ಅವು ಬ್ಯಾರೆ."

ತಡವರಿಸದೆ, ಒಂದೇ ಉಸಿರಿನಲ್ಲಿ ಹೇಳಿದ. ನಾನು ಅವನ ಮುಖ ನೋಡಿದೆ.

"ಎಣಿಸಿದ್ರಾ ಅಜ್ಜಾರೇ?"

"ಸತ್ತವು ಎಣಸ್ಲಾಕ ಏನ್ ಅಡ್ಡಿ ಅದರಿ ಬಾಯಿ?" ಅಂದ. "ಅವು ಇನ್ನ ಕಮ್ಮಿ ಆಗಂಗಿಲ್ಲ."